ಆಫ್‌ರೋಡ್ ಗಾಡಿಗೆ ಯಾವ ಟ್ರಾನ್ಸ್‌ಫರ್ ಕೇಸ್? ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲಕ್ಕೆ ಹೊಂದುವ ಆಯ್ಕೆ

ಹಳೇ ಜೀಪನ್ನೋ, ಆರ್ಮಿ ಡಿಸ್ಪೋಸಲ್ ಜಿಪ್ಸಿಯನ್ನೋ ತಂದು ಆಫ್‌ರೋಡ್ ಗಾಡಿ ಕಟ್ಟಲು ಹೊರಟವರು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಯಾವ ಟ್ರಾನ್ಸ್‌ಫರ್ ಕೇಸ್ ಹಾಕಿಸಲಿ?" ಸಿರುಗುಪ್ಪದವರೂ ಕೇಳುತ್ತಾರೆ, ಸಿಂಧನೂರಿನವರೂ ಕೇಳುತ್ತಾರೆ, ಕುಷ್ಟಗಿಯವರೂ ಕೇಳುತ್ತಾರೆ. ಒಂದು ಹೆಸರು ಹೇಳಿ ಮುಗಿಸುವ ವಿಷಯ ಇದಲ್ಲ. ಓಡಿಸುವ ನೆಲ ಯಾವುದು, ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ಯಾವುದು, ಎಂಜಿನ್ ಯಾವುದು ಎಂಬುದು ಖಚಿತವಾದರೆ ಉಳಿಯುವುದು ಒಂದೆರಡು ಕೇಸ್ ಮಾತ್ರ. ಜಾಸ್ತಿ ಜನ ಮಾಡುವುದು ಉಲ್ಟಾ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಕೇಸ್ ತಂದಿಡುತ್ತಾರೆ. ಆಮೇಲೆ ಇಡೀ ಗಾಡಿಯನ್ನು ಅದಕ್ಕೆ ಹೊಂದಿಸಲು ಲೇತ್ ಅಂಗಡಿ ಸುತ್ತುತ್ತಾರೆ.

ಮೊದಲು ಇದರ ಕೆಲಸ ಏನು ಅಂತ ನೋಡೋಣ. ಗೇರ್‌ಬಾಕ್ಸ್‌ನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್. ಬೇಕಾದಾಗ ವೇಗ ಇಳಿಸಿ ಎಳೆತ ಹೆಚ್ಚಿಸುವುದು ಅದರ ಇನ್ನೊಂದು ಕೆಲಸ. ಇದಕ್ಕೆ ಲೋ ರೇಂಜ್ ಎನ್ನುತ್ತಾರೆ. ಲೋ ರೇಂಜ್ 2.5 ಅಂದರೆ ಕೇಸ್‌ನೊಳಗೆ ಎರಡೂವರೆ ಸುತ್ತು ಹೋದರೆ ಹೊರಗೆ ಒಂದು ಸುತ್ತು. ಲಿವರ್ ಮೇಲೆ ಬರೆದಿರುವ 2ಎಚ್ ಅಂದರೆ ಹಿಂದಿನ ಎರಡು ಚಕ್ರ, 4ಎಚ್ ಅಂದರೆ ಮಾಮೂಲಿ ವೇಗದಲ್ಲಿ ನಾಲ್ಕೂ ಚಕ್ರ, 4ಎಲ್ ಅಂದರೆ ಲೋ ರೇಂಜ್‌ನಲ್ಲಿ ನಾಲ್ಕೂ ಚಕ್ರ.

ಕೈಯಲ್ಲಿ ಬೇಕಾದದ್ದು ಸ್ವಲ್ಪವೇ: ಟೇಪು, ಸೀಮೆಸುಣ್ಣ, ನಾಲ್ಕು ಗಟ್ಟಿ ಜಾಕ್ ಸ್ಟ್ಯಾಂಡ್, ಕೋನ ಅಳೆಯಲು ಫೋನ್, ಒಂದು ನೋಟ್‌ಬುಕ್. ಗಾಡಿಯ ಕೆಳಗೆ ಹೋಗುವಾಗ ಬರೀ ಜಾಕ್ ನಂಬಬೇಡಿ.

1. ಮೊದಲು ಆರ್‌ಸಿ ನೋಡಿ

ಈ ಹಂತ ಯಾರಿಗೂ ಇಷ್ಟವಾಗುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಎಂಜಿನ್, ಟೈರ್ ಅಳತೆ, ಬಾಡಿ ಎಲ್ಲ ಬದಲಿಸುವ ಬಿಲ್ಡ್ ಆಗಿದ್ದರೆ ಕೆಲಸ ಶುರು ಮಾಡುವ ಮುಂಚೆಯೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಗಾಡಿ ಕೆಎ-34 ಇರಲಿ, 36 ಇರಲಿ, 37 ಇರಲಿ, ಕಾನೂನು ಒಂದೇ. ಒಪ್ಪಿಗೆ ಸಿಗದಿದ್ದರೆ ಆ ಗಾಡಿ ಸ್ವಂತ ಜಮೀನು ಮತ್ತು ಸ್ಪರ್ಧೆಯ ಟ್ರ್ಯಾಕ್‌ಗೆ ಮಾತ್ರ. ಅಲ್ಲಿಗೂ ಟ್ರಕ್ ಮೇಲೆ ಹೇರಿಕೊಂಡು ಹೋಗಬೇಕು. ವಿಮೆಯವರಿಗೂ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಗ್ಯಾರಂಟಿ.

2. ಯಾವ ನೆಲದಲ್ಲಿ ಓಡಿಸುತ್ತೀರಿ?

ನಮ್ಮ ಮೂರು ಜಿಲ್ಲೆಗಳಲ್ಲಿ ನೆಲ ಒಂದೇ ಥರ ಇಲ್ಲ. ಅಮೆರಿಕದ ವೀಡಿಯೊ ನೋಡಿ ಕೇಸ್ ಆರಿಸುವವರು ಎಡವುವುದು ಇಲ್ಲೇ.

ಎರೆ ಭೂಮಿ: ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆ ಮಳೆ ಬಿದ್ದ ಮೇಲೆ ಎರೆ ಮಣ್ಣಿಗೆ ಇಳಿದವರಿಗೆ ಗೊತ್ತು. ನಾಲ್ಕು ಮಾರು ಹೋಗುವಷ್ಟರಲ್ಲಿ ಟೈರಿನ ಗೆರೆಯೆಲ್ಲ ಮಣ್ಣು ತುಂಬಿ ಟೈರ್ ನುಣ್ಣಗಾಗುತ್ತದೆ. ಇಲ್ಲಿ ಆಮೆ ವೇಗ ಕೆಲಸಕ್ಕೆ ಬಾರದು. ಮಣ್ಣನ್ನು ಹೊರಗೆಸೆಯಲು ಚಕ್ರ ಜೋರಾಗಿ ತಿರುಗಬೇಕು. 4ಎಲ್ ಹಾಕಿ ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಹೋಗುವುದೇ ಸರಿ. ಹಾಗಾಗಿ 2ರಿಂದ 2.5ರ ಲೋ ರೇಂಜ್ ಧಾರಾಳ ಸಾಕು. 4ರ ಕೇಸ್ ಹಾಕಿದರೆ ಎಂಜಿನ್ ಕಿರುಚುತ್ತದೆ, ಚಕ್ರ ಮಾತ್ರ ನಿಧಾನಕ್ಕೆ ತಿರುಗುತ್ತಾ ಹೂತುಕೊಳ್ಳುತ್ತದೆ.

ಉಸುಕು: ತುಂಗಭದ್ರಾ, ಕೃಷ್ಣಾ ದಂಡೆಯ ಉಸುಕಿನಲ್ಲೂ ಹೀಗೇ. ಓಟ ನಿಂತರೆ ಗಾಡಿ ಕೂತಿತು ಅಂತಲೇ ಲೆಕ್ಕ. ಟೈರಿನ ಗಾಳಿ ಇಳಿಸುವುದರಿಂದ ಸಿಗುವ ಲಾಭ ದುಬಾರಿ ಕೇಸ್‌ನಿಂದ ಸಿಗುವುದಿಲ್ಲ.

ಬಂಡೆ ಮತ್ತು ಕಡಿದಾದ ಗುಡ್ಡ: ಆಳವಾದ ಲೋ ರೇಂಜ್‌ಗೆ ಬೆಲೆ ಇರುವುದು ಇಲ್ಲಿ ಮಾತ್ರ. ಚಕ್ರವನ್ನು ಒಂದೊಂದೇ ಬಂಡೆಯ ಮೇಲೆ ಇಟ್ಟು ಹತ್ತಿಸುವಾಗ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯುವಾಗ 3, 4ರ ಅನುಪಾತ ನಿಜವಾಗಿ ಕೈ ಹಿಡಿಯುತ್ತದೆ. ಆದರೆ ಬಂಡೆ ಅಂದ ಕೂಡಲೇ ಆನೆಗೊಂದಿ ಕಡೆ ಹೊರಡಬೇಡಿ. ಅದು ಹಂಪಿಯ ಪರಂಪರೆ ವಲಯ. ಸಂಡೂರಿನ ಕಾಯ್ದಿಟ್ಟ ಅರಣ್ಯಕ್ಕೂ, ದರೋಜಿ ಕರಡಿಧಾಮಕ್ಕೂ ಅದೇ ಮಾತು. ಬಂಡೆ ಬೇಕಿದ್ದರೆ ಗೊತ್ತಿದ್ದವರ ಪಟ್ಟಾ ಜಮೀನು ನೋಡಿ.

ನಿಮ್ಮ ಓಡಾಟದಲ್ಲಿ ಎರೆಹೊಲ ಎಷ್ಟು, ಡಾಂಬರ್ ಎಷ್ಟು, ಬಂಡೆ ಎಷ್ಟು ಅಂತ ನೋಟ್‌ಬುಕ್‌ನಲ್ಲಿ ಪ್ರಾಮಾಣಿಕವಾಗಿ ಬರೆಯಿರಿ. ಡಾಂಬರೇ ಜಾಸ್ತಿ ಅಂತ ಬಂದರೆ ನಾಚಿಕೆ ಬೇಡ, ಬಹುತೇಕರದ್ದು ಅದೇ ಕಥೆ.

3. ಆಕ್ಸಲ್ ಕೆಳಗೆ ಮಲಗಿ ನೋಡಿ

ಇಲ್ಲಿ ಎರಡು ವಿಷಯ ಖಚಿತವಾಗಬೇಕು.

ಮೊದಲನೆಯದು ಮುಂದಿನ ಡಿಫರೆನ್ಷಿಯಲ್ (ಶಾಫ್ಟ್‌ನ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಗೇರ್ ಗುಂಪು) ಯಾವ ಬದಿಗಿದೆ ಎನ್ನುವುದು. ಆಕ್ಸಲ್‌ನ ಆ ಉಬ್ಬು ಎಡಕ್ಕಿದ್ದರೆ ಕೇಸ್‌ನ ಮುಂದಿನ ಔಟ್‌ಪುಟ್ (ಶಾಫ್ಟ್ ಜೋಡಿಸುವ ತುದಿ) ಕೂಡ ಎಡಕ್ಕಿರಬೇಕು, ಬಲಕ್ಕಿದ್ದರೆ ಬಲಕ್ಕೆ. ಇದಕ್ಕೆ ಡ್ರಾಪ್ ಸೈಡ್ ಎನ್ನುತ್ತಾರೆ. ಇದು ತಪ್ಪಿದರೆ ಶಾಫ್ಟ್ ಎಂಜಿನ್ ಚೇಂಬರ್ ಅಡಿಯಲ್ಲಿ ಓರೆಯಾಗಿ ಹಾಯಬೇಕು, ಅದು ಆಗದ ಮಾತು. ಹಿಂದಿನದನ್ನೂ ನೋಡಿ. ಹಳೇ ವಿಲ್ಲಿಸ್ ಜೀಪಿನಲ್ಲಿ ಹಿಂದಿನ ಡಿಫರೆನ್ಷಿಯಲ್ ಕೂಡ ನಡುವಿನಿಂದ ಬಲಕ್ಕೆ ಸರಿದಿರುತ್ತದೆ, ಅದರ ಡಾನಾ 18 ಕೇಸ್‌ನ ಹಿಂದಿನ ಔಟ್‌ಪುಟ್ಟೂ ಹಾಗೆಯೇ. ಅಂಥ ಆಕ್ಸಲ್‌ಗೆ ಔಟ್‌ಪುಟ್ ನಡುವೆ ಇರುವ ಕೇಸ್ ತಂದರೆ ಹಿಂದಿನ ಆಕ್ಸಲ್ಲನ್ನೂ ಬದಲಿಸಬೇಕಾಗುತ್ತದೆ.

ಎಚ್ಚರ: ಅಮೆರಿಕದವರು 'ಡ್ರೈವರ್ ಸೈಡ್ ಡ್ರಾಪ್' ಎಂದು ಬರೆದಿದ್ದರೆ ಅದು ಎಡಗಡೆ. ನಮ್ಮ ಡ್ರೈವರ್ ಕೂರುವುದು ಬಲಕ್ಕೆ. ಆರ್ಡರ್ ಮಾಡುವಾಗ ಡ್ರೈವರ್ ಮಾತೇ ಎತ್ತಬೇಡಿ, ಎಡ ಅಥವಾ ಬಲ ಎಂದೇ ಹೇಳಿ, ಕೇಸ್‌ನ ಫೋಟೊ ತರಿಸಿಕೊಳ್ಳಿ.

ಇನ್ನೊಂದು ಎಚ್ಚರ: ಬದಿ ಹೊಂದಲಿಲ್ಲ ಅಂತ ಮುಂದಿನ ಆಕ್ಸಲ್ಲನ್ನೇ ತಲೆಕೆಳಗು ಮಾಡಿ ಕೂರಿಸುವ ಸಲಹೆ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಹಿಂದಿನ ಚಕ್ರ ಮುಂದಕ್ಕೆ, ಮುಂದಿನ ಚಕ್ರ ಹಿಂದಕ್ಕೆ ತಿರುಗುತ್ತವೆ.

ಎರಡನೆಯದು ಆಕ್ಸಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಹೋಗಲು ಶಾಫ್ಟ್ ಎಷ್ಟು ಸುತ್ತು ಹೋಗಬೇಕು ಎನ್ನುವುದು. ಮುಂದೆ ಹಿಂದೆ ಎರಡೂ ಒಂದೇ ಇರಲೇಬೇಕು. ಬೇರೆ ಬೇರೆ ಗಾಡಿಯ ಆಕ್ಸಲ್ ಸೇರಿಸಿದ ಬಿಲ್ಡ್‌ಗಳಲ್ಲಿ ಇದು ತಪ್ಪಿರುವುದೇ ಜಾಸ್ತಿ. ಮಾರಿದವರ ಮಾತು ನಂಬುವ ಬದಲು ನೀವೇ ಎಣಿಸಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ನ್ಯೂಟ್ರಲ್‌ನಲ್ಲಿಡಿ. ಟೈರ್ ಮೇಲೆ ಮತ್ತು ಶಾಫ್ಟ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ಬದಿಯ ಚಕ್ರವನ್ನು ಒಬ್ಬರು ಅಲುಗದಂತೆ ಹಿಡಿಯಲಿ, ನೀವು ಇನ್ನೊಂದು ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಒಂದು ಚಕ್ರ ಹಿಡಿದಿರುವುದರಿಂದ ಒಳಗಿನ ಕ್ರೌನ್ ವೀಲ್ (ಡಿಫರೆನ್ಷಿಯಲ್‌ನ ದೊಡ್ಡ ಗೇರ್) ತಿರುಗುವುದು ಅರ್ಧ, ಅಂದರೆ 10 ಸುತ್ತು. ಅಷ್ಟರಲ್ಲಿ ಶಾಫ್ಟ್ 39 ಸುತ್ತು ಹೋದರೆ ಅನುಪಾತ 3.9. ಲಾಕರ್ (ಎರಡೂ ಚಕ್ರವನ್ನು ಒಂದಕ್ಕೊಂದು ಬಿಗಿಯುವ ಭಾಗ) ಇರುವ ಆಕ್ಸಲ್ ಆದರೆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ, ಆಗ 10 ಸುತ್ತು ತಿರುಗಿಸಿದರೆ ಸಾಕು.

4. ಲೆಕ್ಕ ಹಾಕಿ, ಆಮೇಲೆ ಆಸೆಪಡಿ

ಗಾಡಿ ಎಷ್ಟು ನಿಧಾನಕ್ಕೆ ತೆವಳಬಲ್ಲದು ಎಂಬುದಕ್ಕೆ ಕ್ರಾಲ್ ರೇಶಿಯೊ ಎಂಬ ಒಂದು ಸಂಖ್ಯೆ ಇದೆ. ಮೊದಲ ಗೇರ್ ಅನುಪಾತ, ಲೋ ರೇಂಜ್, ಆಕ್ಸಲ್ ಅನುಪಾತ ಮೂರನ್ನೂ ಗುಣಿಸಿದರೆ ಅದು ಸಿಗುತ್ತದೆ.

ಒಂದು ಲೆಕ್ಕ ಮಾಡೋಣ. ಮೊದಲ ಗೇರ್ 3.65, ಲೋ ರೇಂಜ್ 2.27, ಆಕ್ಸಲ್ 3.9 ಎಂದಿಟ್ಟುಕೊಳ್ಳಿ. ಗುಣಿಸಿದರೆ ಸುಮಾರು 32. ಟೈರ್ 30 ಇಂಚಿನದ್ದಾದರೆ ಒಂದು ಸುತ್ತಿಗೆ 2.4 ಮೀಟರ್ ಹೋಗುತ್ತದೆ. ಎಂಜಿನ್ 800 ಆರ್‌ಪಿಎಂನಲ್ಲಿ ಐಡಲ್ ಇದ್ದರೆ ಗಾಡಿಯ ವೇಗ ಗಂಟೆಗೆ 3.6 ಕಿ.ಮೀ. ಮನುಷ್ಯರ ನಡಿಗೆಗಿಂತ ನಿಧಾನ. ಅದೇ ಗಾಡಿಗೆ 4ರ ಕೇಸ್ ಹಾಕಿದರೆ ಕ್ರಾಲ್ ರೇಶಿಯೊ 57, ವೇಗ 2 ಕಿ.ಮೀ. ಎರೆ ಮಣ್ಣು, ಉಸುಕು, ಕಾಲುವೆ ಏರಿಗೆ 30ರಿಂದ 40 ಸಾಕು. ಬಂಡೆ ಹತ್ತುವುದೇ ಮುಖ್ಯ ಆದರೆ 50ರ ಮೇಲೆ ಯೋಚಿಸಿ.

ಟೈರ್ ದೊಡ್ಡದು ಮಾಡಿದರೆ ಈ ಲೆಕ್ಕ ಅಷ್ಟು ಮಟ್ಟಿಗೆ ಕೆಡುತ್ತದೆ. ಆಗ ಕೇಸ್‌ಗಿಂತ ಮೊದಲು ಆಕ್ಸಲ್ ಅನುಪಾತ ಬದಲಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದರ ಲಾಭ ಡಾಂಬರ್ ಮೇಲೂ ಸಿಗುತ್ತದೆ, ಕ್ಲಚ್ಚೂ ಉಳಿಯುತ್ತದೆ.

ನಿಮ್ಮ ಎದುರು ಬರುವ ಕೇಸ್‌ಗಳ ಲೋ ರೇಂಜ್ ಸುಮಾರು ಹೀಗಿದೆ. ಹಳೇ ಡೀಸೆಲ್ ಥಾರ್ ಸಿಆರ್‌ಡಿಇಯ ಬೋರ್ಗ್‌ವಾರ್ನರ್ ಕೇಸ್ 2.48, ಜಿಪ್ಸಿಯದ್ದು 2.27, ಈಗಿನ ಜಿಮ್ನಿಯದ್ದು 2.0. ವಿದೇಶದ್ದಾದರೆ ಜೀಪ್ ಎನ್‌ಪಿ231 ಕೇಸ್ 2.72, ಜೀಪ್ ರೂಬಿಕಾನ್‌ನದ್ದು 4.0, ಲ್ಯಾಂಡ್ ರೋವರ್ ಎಲ್‌ಟಿ230 ಕೇಸ್ 3.32. ಬಿಲ್ಡ್‌ಗೆಂದೇ ತಯಾರಾಗುವ ಅಟ್ಲಾಸ್ ಕೇಸ್ 2.0ರಿಂದ 5.0ರವರೆಗೆ ಬೇರೆ ಬೇರೆ ಅನುಪಾತದಲ್ಲಿ ಬರುತ್ತದೆ, ಆದರೆ ಅದನ್ನು ಇಲ್ಲಿಗೆ ತರಿಸುವ ಖರ್ಚಿಗೆ ಇನ್ನೊಂದು ಹಳೇ ಗಾಡಿಯೇ ಬಂದೀತು.

ಎಚ್ಚರ: ಜಿಪ್ಸಿ ಕೇಸ್‌ನ ಹೈ ರೇಂಜ್ 1 ಅಲ್ಲ, 1.41. ಅಂದರೆ ಮಾಮೂಲಿ ಓಟದಲ್ಲೂ ಅದು ವೇಗ ಇಳಿಸುತ್ತದೆ. ಜಿಪ್ಸಿಯ ಗೇರು, ಆಕ್ಸಲ್ ಅದಕ್ಕೆ ಹೊಂದಿಕೊಂಡಿವೆ. ಅದೇ ಕೇಸ್ ಬಿಚ್ಚಿ ಡೀಸೆಲ್ ಜೀಪಿಗೆ ಹಾಕಿದರೆ ಅದೇ ವೇಗಕ್ಕೆ ಎಂಜಿನ್ 41% ಜಾಸ್ತಿ ತಿರುಗಬೇಕು. ಹೊಸಪೇಟೆ ಹೈವೇಯಲ್ಲಿ 60 ದಾಟುವಷ್ಟರಲ್ಲಿ ಕಿವಿ ಮುಚ್ಚಿಕೊಳ್ಳುತ್ತೀರಿ.

5. ಎಂಜಿನ್ ಬಲ ತಡೆಯುತ್ತದಾ?

ಕೇಸ್‌ಗೆ ಬಂದು ತಾಗುವ ತಿರುಚು ಬಲ ಎಂಜಿನ್‌ನ ಟಾರ್ಕ್ ಅಷ್ಟೇ ಅಲ್ಲ, ಅದನ್ನು ಮೊದಲ ಗೇರ್‌ನಿಂದ ಗುಣಿಸಿದಷ್ಟು. ಜಿಪ್ಸಿಯ 1.3 ಲೀಟರ್ ಪೆಟ್ರೋಲ್ ಎಂಜಿನ್ ಸುಮಾರು 103 ನ್ಯೂಟನ್ ಮೀಟರ್ ಕೊಡುತ್ತದೆ. 3.65ರಿಂದ ಗುಣಿಸಿದರೆ 376. ಥಾರ್ ಸಿಆರ್‌ಡಿಇ ಎಂಜಿನ್ 247 ಕೊಡುತ್ತದೆ. ಅದೇ ಗೇರ್ ಹಿಡಿದರೆ 900 ದಾಟಿತು. ಜಿಪ್ಸಿ ಕೇಸ್ ಮುಂದೆ ಡೀಸೆಲ್ ಎಂಜಿನ್ ಇಡುವ ಆಸೆ ಇದ್ದವರು ಈ ಎರಡು ಸಂಖ್ಯೆ ನೋಡಿ ಆಮೇಲೆ ಮುಂದುವರಿಯಿರಿ.

ಒಳಗೆ ಚೈನ್ ಇದೆಯೋ, ಬರೀ ಗೇರ್ ಇದೆಯೋ ಕೇಳಿ. ಚೈನ್ ಕೇಸ್ ಹಗುರ, ಸದ್ದು ಕಡಿಮೆ, ಆದರೆ ಚೈನ್ ಕಾಲಕ್ರಮೇಣ ಸಡಿಲವಾಗುತ್ತದೆ. ಭಾರ ಬಿದ್ದಾಗ ಹಲ್ಲು ಹಾರಿ ಕಟಕಟ ಅನ್ನುತ್ತದೆ. ಗೇರ್ ಕೇಸ್ ಭಾರ, ಗುಂಯ್ ಅನ್ನುತ್ತಲೇ ಇರುತ್ತದೆ, ಬಾಳಿಕೆ ಜಾಸ್ತಿ. ಡಾನಾ 18, ಜಿಪ್ಸಿ, ಎಲ್‌ಟಿ230 ಮೂರೂ ಗೇರ್‌ನವು. ಎನ್‌ಪಿ231 ಚೈನಿನದ್ದು. ಚೈನ್ ಅಂದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ, ರೂಬಿಕಾನ್ ಕೇಸ್ ಒಳಗೂ ಇರುವುದು ಚೈನೇ.

ಲಿವರ್ ಇರುವ ಕೇಸೇ ತೆಗೆದುಕೊಳ್ಳಿ. ಬಟನ್ ಒತ್ತಿ ಬದಲಿಸುವ ಕೇಸ್‌ಗೆ ಮೋಟಾರು, ಸೆನ್ಸರ್, ಕಂಟ್ರೋಲರ್ ಬೇಕು. ಮೂಲ ಗಾಡಿಯ ಕಂಪ್ಯೂಟರ್ ಇಲ್ಲದೆ ಅವು ಮಾತು ಕೇಳುವುದಿಲ್ಲ.

ಪಾರ್ಟ್ ಟೈಮ್, ಫುಲ್ ಟೈಮ್ ಅಂತಲೂ ಕೇಳುತ್ತೀರಿ. ಪಾರ್ಟ್ ಟೈಮ್ ಕೇಸ್‌ನಲ್ಲಿ 4ಎಚ್ ಹಾಕಿದರೆ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಣ ಡಾಂಬರ್ ಮೇಲೆ ತಿರುವು ತೆಗೆದುಕೊಂಡರೆ ಶಾಫ್ಟ್‌ಗಳ ನಡುವೆ ಬಿಗಿತ ಹೆಚ್ಚುತ್ತಾ ಹೋಗಿ ಏನಾದರೂ ಮುರಿಯುತ್ತದೆ. ಫುಲ್ ಟೈಮ್ ಕೇಸ್‌ನಲ್ಲಿ ನಡುವೆ ಒಂದು ಡಿಫರೆನ್ಷಿಯಲ್ ಇರುವುದರಿಂದ ಆ ತೊಂದರೆ ಇಲ್ಲ. ನಮ್ಮ ಒಣ ರಸ್ತೆಗಳಿಗೆ ಪಾರ್ಟ್ ಟೈಮ್ ಸಾಕು. ಡಾಂಬರ್ ಮೇಲೆ 2ಎಚ್ ಬಿಟ್ಟು ಬೇರೆ ಹಾಕದಿದ್ದರಾಯಿತು.

6. ಗೇರ್‌ಬಾಕ್ಸ್‌ಗೆ ಅಂಟಿಸುವುದಾ, ದೂರ ಇಡುವುದಾ?

ಕೆಲವು ಕೇಸ್ ಗೇರ್‌ಬಾಕ್ಸ್ ಬೆನ್ನಿಗೇ ಬೋಲ್ಟ್ ಆಗುತ್ತವೆ. ಕೆಲವು ಪ್ರತ್ಯೇಕವಾಗಿ ಚಾಸಿಗೆ ತೂಗಿರುತ್ತವೆ, ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಇಂಥದ್ದಕ್ಕೆ ಡೈವೋರ್ಸ್ಡ್ ಕೇಸ್ ಎನ್ನುತ್ತಾರೆ. ಜಿಪ್ಸಿಯದ್ದು ಈ ಜಾತಿ.

ಬೇರೆ ಗಾಡಿಯ ಕೇಸ್ ಅಂಟಿಸಬೇಕಾದರೆ ಅಡಾಪ್ಟರ್ ಪ್ಲೇಟ್ ಬೇಕು. ಬೋಲ್ಟ್ ತೂತು ಹೊಂದಿದರೆ ಸಾಲದು. ಒಳಗಿನ ಸ್ಪ್ಲೈನ್, ಅಂದರೆ ಶಾಫ್ಟ್ ಮೇಲಿನ ಹಲ್ಲುಗೆರೆ, ಎಣಿಕೆಯಲ್ಲೂ ಅಳತೆಯಲ್ಲೂ ಕೂಡಬೇಕು. ಎರಡೂ ಶಾಫ್ಟ್‌ಗಳ ನಡು ಒಂದೇ ಗೆರೆಯಲ್ಲಿರಬೇಕು. ಲೇತ್‌ನವರು "ಎಲ್ಲಾ ಸರಿ ಐತಿ" ಅಂದರೂ ಡಯಲ್ ಗೇಜ್ (ಸಣ್ಣ ಓರೆ ಅಳೆಯುವ ಮಾಪಕ) ಹಚ್ಚಿಸಿ ನೋಡಿ, 0.1 ಮಿ.ಮೀ. ಒಳಗೆ ಬರಬೇಕು. ಜಾಸ್ತಿಯಾದರೆ ಮೊದಲು ಆಯಿಲ್ ಸೀಲ್ ಹೋಗುತ್ತದೆ, ಆಮೇಲೆ ಬೇರಿಂಗ್. ಅಷ್ಟು ನಿಖರವಾಗಿ ಮಾಡುವ ಟರ್ನರ್ ಹತ್ತಿರದಲ್ಲಿ ಸಿಗದಿದ್ದರೆ ಡೈವೋರ್ಸ್ಡ್ ಕೇಸ್ ಕಡೆ ವಾಲಿ. ಅದಕ್ಕೆ ಜಾಗ ಜಾಸ್ತಿ ಬೇಕು, ಚಾಸಿಗೆ ಗಟ್ಟಿ ಬ್ರಾಕೆಟ್ ಮತ್ತು ರಬ್ಬರ್ ಬುಷ್ ಬೇಕು, ಆದರೆ ಅಡಾಪ್ಟರ್ ತಲೆನೋವು ಇಲ್ಲ.

7. ಗುಜರಿಯಲ್ಲಿ ಕೇಸ್ ನೋಡುವ ಬಗೆ

ಬಳ್ಳಾರಿಯಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋಗುತ್ತೀರಿ, ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಎಲ್ಲಿಗೆ ಹೋದರೂ ಮೇಲೆ ಬಳಿದ ಬೆಳ್ಳಿ ಬಣ್ಣ ನೋಡಿ ಮರುಳಾಗಬೇಡಿ. ಡ್ರೈನ್ ಪ್ಲಗ್ ಬಿಚ್ಚಿಸಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಪ್ಲಗ್‌ನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ. ನುಣ್ಣನೆ ಕಪ್ಪು ಪುಡಿ ಮಾಮೂಲು. ಚೂರು ಸಿಕ್ಕರೆ ಅದು ಹಲ್ಲಿನ ತುಂಡು. ಕೇಸ್ ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಔಟ್‌ಪುಟ್ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಾಗೆ ಅಲುಗಬಾರದು. ತಿರುಗುವ ದಿಕ್ಕಿನಲ್ಲಿ ತುಸು ಆಟ ಇದ್ದರೆ ಪರವಾಗಿಲ್ಲ. ಇನ್‌ಪುಟ್ ತಿರುಗಿಸುತ್ತಾ ಲಿವರನ್ನು ಎಲ್ಲ ಸ್ಥಾನಕ್ಕೂ ಹಾಕಿ ನೋಡಿ. ಲೋ ರೇಂಜ್‌ಗೆ ಹಾಕಿ ಔಟ್‌ಪುಟ್ 10 ಸುತ್ತು ಹೋಗುವಷ್ಟರಲ್ಲಿ ಇನ್‌ಪುಟ್ ಎಷ್ಟು ಸುತ್ತು ಹೋಯಿತು ಎಣಿಸಿ. 25ರ ಹತ್ತಿರ ಬಂದರೆ ಅದು 2.48ರದ್ದು. "ಇದು ನಾಲ್ಕರದ್ದು ಸಾರ್" ಎನ್ನುವ ಮಾತು ಅಲ್ಲೇ ಬಯಲಾಗುತ್ತದೆ. ಬೋಲ್ಟ್ ಕಿವಿಗಳಲ್ಲಿ ವೆಲ್ಡಿಂಗ್ ಗುರುತು, ಬಿರುಕು ಇದೆಯಾ ನೋಡಿ. ಬಿಲ್ ಕೇಳಿ, ಬಿಲ್ ಇಲ್ಲದ ಮಾಲು ಕಳ್ಳಮಾಲಾದರೆ ಉತ್ತರ ಕೊಡಬೇಕಾದವರು ನೀವು.

ದುಡ್ಡು ಕೊಡುವ ಮುಂಚೆ ಒಂದು ಫೋನ್ ಮಾಡಿ. ಆ ಕೇಸ್‌ನ ಇನ್‌ಪುಟ್ ಬೇರಿಂಗ್, ಔಟ್‌ಪುಟ್ ಸೀಲ್ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವಾ ಕೇಳಿ. ಥಾರ್, ಜಿಪ್ಸಿ ಕೇಸ್ ಮೇಲೆ ನನಗೆ ಒಲವು ಇರುವುದು ಈ ಕಾರಣಕ್ಕೇ. ಜಿಪ್ಸಿಯ ಮಾರಾಟ 2019ರಲ್ಲಿ ನಿಂತರೂ ಅದರ ಭಾಗಗಳ ಓಡಾಟ ನಿಂತಿಲ್ಲ. ಎಲ್‌ಟಿ230 ಒಳ್ಳೆಯ ಕೇಸೇ, ಆದರೆ ಲಿಂಗಸುಗೂರಿನಲ್ಲಿ ಕೂತು ಅದರ ಒಂದು ಸೀಲ್‌ಗೆ ದಿನಗಟ್ಟಲೆ ಕಾಯಬೇಕು.

8. ಕೂರಿಸುವಾಗ

ಕೇಸನ್ನು ಮೊದಲು ಬ್ರಾಕೆಟ್‌ಗೆ ಬರೀ ಟ್ಯಾಕ್ ವೆಲ್ಡ್, ಅಂದರೆ ಅಲ್ಲಲ್ಲಿ ಚುಕ್ಕಿ ವೆಲ್ಡ್ ಮಾಡಿಸಿ, ಪೂರ್ತಿ ಬೇಡ. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಫೋನಿನಲ್ಲಿ ಕೋನ ಅಳೆಯಿರಿ. ಶಾಫ್ಟ್‌ನ ಎರಡೂ ತುದಿಯ ಕ್ರಾಸ್ ಜಾಯಿಂಟ್ ಕೋನ ಹೆಚ್ಚುಕಡಿಮೆ ಒಂದೇ ಇರಬೇಕು, ವ್ಯತ್ಯಾಸ 1 ಡಿಗ್ರಿ ದಾಟಬಾರದು. ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿ ಕೂತಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ 50ರ ಮೇಲೆ ಗಾಡಿ ನಡುಗುತ್ತದೆ, ನೀವು ಸುಮ್ನೆ ಟೈರ್ ಬ್ಯಾಲೆನ್ಸ್ ಮಾಡಿಸುತ್ತಾ ಓಡಾಡುತ್ತೀರಿ. ಒಂದು ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಶಾಫ್ಟ್ ಕಳಚುವುದಿಲ್ಲ, ಪೂರ್ತಿ ಮೇಲೆದ್ದಾಗ ಕೇಸ್‌ಗೆ ಗುದ್ದುವುದಿಲ್ಲ ಎಂದು ನೋಡಿಯೇ ಪೂರ್ತಿ ವೆಲ್ಡ್ ಮಾಡಿಸಿ.

ಉಸಿರು ಪೈಪ್ ಮರೆಯಬೇಡಿ. ಬಿಸಿಯಾದ ಕೇಸ್ ಕಾಲುವೆ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಬ್ರೀದರ್‌ಗೆ ರಬ್ಬರ್ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ಒಯ್ದು ತುದಿಗೆ ಸಣ್ಣ ಫಿಲ್ಟರ್ ಕೂರಿಸಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಆ ಫಿಲ್ಟರ್ ಬೇಕೇ ಬೇಕು, ಅದಿರಿನ ಧೂಳು ಆಯಿಲ್‌ಗೆ ಸೇರಿದರೆ ಬೇರಿಂಗನ್ನು ಉಜ್ಜಿ ತಿನ್ನುತ್ತದೆ.

ಅಡಿಗೆ ಗಾರ್ಡ್ ಪ್ಲೇಟ್ ಹಾಕಿಸಿ, ಆದರೆ ಮಣ್ಣು ಇಳಿದುಹೋಗಲು ದೊಡ್ಡ ತೂತುಗಳಿರಲಿ. ಎರೆ ಮಣ್ಣು ಪ್ಲೇಟ್ ಮೇಲೆ ತುಂಬಿ ಒಣಗಿದರೆ ಕೇಸ್ ಸುತ್ತ ಗೋಡೆ ಕಟ್ಟಿದ ಹಾಗೆ ಗಟ್ಟಿಯಾಗುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಅದು ಸಣ್ಣ ವಿಷಯವಲ್ಲ.

ಆಯಿಲ್ ಕೇಸ್‌ನ ಕೈಪಿಡಿ ಹೇಳಿದ್ದೇ ಹಾಕಿ. ಎನ್‌ಪಿ231 ಕೇಸ್‌ಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಆಯಿಲ್ ಬೇಕು, ಡಾನಾ 18ಕ್ಕೆ ದಪ್ಪ ಗೇರ್ ಆಯಿಲ್. "ಎಲ್ಲಕ್ಕೂ ತೊಂಬತ್ತು ನಂಬರ್ ಹಾಕು" ಎನ್ನುವ ಮೇಸ್ತ್ರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

9. ಮೊದಲ ಓಟ

ಸ್ಟ್ಯಾಂಡ್ ಮೇಲೆ ನಾಲ್ಕೂ ಚಕ್ರ ಎತ್ತಿ, ಎಂಜಿನ್ ಶುರು ಮಾಡದೆ, 4ಎಲ್ ಹಾಕಿ ಮುಂದಿನ ಶಾಫ್ಟನ್ನು ಕೈಯಲ್ಲೇ ತಿರುಗಿಸಿ. ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ದಿಕ್ಕಿಗೆ ಹೋಗುತ್ತಿವೆಯಾ ಖಚಿತ ಮಾಡಿಕೊಳ್ಳಿ. ನಂತರ 2ಎಚ್‌ನಲ್ಲಿ ಡಾಂಬರ್ ಮೇಲೆ ನಿಧಾನಕ್ಕೆ ಓಡಿಸಿ. ಇಳಿದು ಕೇಸ್‌ಗೆ ಹತ್ತಿರ ಕೈ ಒಯ್ದು ನೋಡಿ. ಬೆಚ್ಚಗಿದ್ದರೆ ಸರಿ. ಹತ್ತಿರ ಕೈ ಇಡಲೂ ಆಗದಷ್ಟು ಶಾಖ ಹೊಡೆದರೆ ಆಯಿಲ್ ಮಟ್ಟ ಅಥವಾ ಬೇರಿಂಗ್ ಬಿಗಿತ ತಪ್ಪಿದೆ. 4ಎಚ್, 4ಎಲ್ ಪರೀಕ್ಷೆ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲೋ ಮಣ್ಣಿನ ದಾರಿಯಲ್ಲೋ ಮಾಡಿ, ಡಾಂಬರ್ ಮೇಲೆ ಬೇಡ. ಲಿವರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುತ್ತಿದ್ದರೆ ಲಿಂಕೇಜ್ ಗಾಡಿಯ ಫ್ಲೋರ್‌ಗೆ ತಾಗುತ್ತಿದೆಯಾ ಮೊದಲು ನೋಡಿ, ಕೇಸ್ ಬಿಚ್ಚುವುದು ಆಮೇಲೆ. 500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಬ್ರಾಕೆಟ್ ಮತ್ತು ಫ್ಲ್ಯಾಂಜ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಸಿ. ತೆಗೆದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಚೂರು ಇದೆಯಾ ನೋಡಿ.